ದೊಡ್ಡಪ್ಪ ಸಾಕಿದ ಭೂಕಂಪ

ಜನ ಮನೆಯಲ್ಲಿ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ, ಅನುಕೂಲ ಇದ್ದವರು ಎಮ್ಮೆ ಸಾಕುತ್ತಾರೆ. ನಮ್ಮ ದೊಡ್ಡಪ್ಪ ನಾಲ್ಕು ತಿಂಗಳು ಒಂದು ಭೂಕಂಪವನ್ನು ಸಾಕಿದ. ಹೊತ್ತುಹೊತ್ತಿಗೆ ಅದರ ಮಾತೆತ್ತಿ, ಬಂದವರಿಗೆಲ್ಲ ಅದರ ಗುಣಗಾನ ಮಾಡಿ, ಯಾರಾದರೂ ಅದು ಇಲ್ಲವೇ ಇಲ್ಲ ಎಂದರೆ ಮುಖ ಸಣ್ಣದು ಮಾಡಿಕೊಂಡು, ಹೆತ್ತ ಮಗುವಿನಂತೆ ನೋಡಿಕೊಂಡ. ಅದೂ ಎಂಥ ಭೂಕಂಪ? ಸರಕಾರಕ್ಕೆ ಗೊತ್ತಿಲ್ಲದ, ಟೀವಿಯಲ್ಲಿ ಬಾರದ, ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಚಹಾದ ಕಪ್ಪನ್ನೂ ಬೀಳಿಸದ ಭೂಕಂಪ!

ಮೊದಲು ಮನೆಯ ಸಂಗತಿ ಹೇಳಬೇಕು, ಇಲ್ಲದಿದ್ದರೆ ಭೂಕಂಪ ಅರ್ಥವಾಗುವುದಿಲ್ಲ. ನಮ್ಮಜ್ಜ ಕಟ್ಟಿಸಿದ ಒಂದು ಮನೆಯನ್ನು ನಡುವಿನ ಮಣ್ಣಿನ ಗೋಡೆ ಎರಡು ಮಾಡಿದೆ. ಗೋಡೆಯ ಈಚೆ ಅಪ್ಪ, ಅವ್ವ, ನಾನು. ಆಚೆ ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ, ಮತ್ತು ದೊಡ್ಡವ್ವ. ಅವರಿಗೆ ಮಕ್ಕಳಿಲ್ಲ. ಇದ್ದೊಬ್ಬಳು ನಾನು ಎರಡೂ ಕಡೆ ಉಂಡು ಬೆಳೆದೆ. ಅಪ್ಪ ನೇಯುವುದನ್ನು ಬಿಟ್ಟು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿ ಬಹಳ ವರ್ಷವಾಯಿತು. ದೊಡ್ಡಪ್ಪ ಮಾತ್ರ ಇಂದಿಗೂ ಕುಣಿಮಗ್ಗದವನೇ. ನೆಲದಲ್ಲಿ ತೋಡಿದ ಕುಣಿಯೊಳಗೆ ಬರಿಗಾಲು ಇಳಿಬಿಟ್ಟು, ಹಲಗೆ ತುಳಿಯುತ್ತ, ಲಾಳಿ ಓಡಿಸುತ್ತ ಕೂತನೆಂದರೆ ಊಟಕ್ಕೆ ಎಬ್ಬಿಸಲು ದೊಡ್ಡವ್ವ ಮೂರು ಸಲ ಕೂಗಬೇಕು. ಮೂರನೆಯದು ಓಣಿಗೆಲ್ಲ ಕೇಳಿಸುತ್ತದೆ.

ಈ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಯಾಕೆಂದರೆ ಅದು ಪುಕ್ಕಟೆ ಬಂದದ್ದಲ್ಲ. ಮಗ್ಗದ ಸಪ್ಪಳದಲ್ಲಿ ಓದಿದೆ. ರಸಾಯನಶಾಸ್ತ್ರದಲ್ಲಿ ಒಮ್ಮೆ ಬಿದ್ದೆ, ಎದ್ದೆ. ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಈಗ ಗದಗಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂಬಳ ಕೈಗೆ ಬಂದಾಗಿನಿಂದ ನನ್ನದೊಂದೇ ಆಸೆ ಇತ್ತು: ಬಾಗಿಲು ಹಾಕಿಕೊಂಡು ಓದಲು ನನ್ನದೇ ಒಂದು ಖೋಲಿ. ನಮ್ಮ ಭಾಗದ ಮಾಳಿಗೆಯ ಮೇಲೆ ಅದನ್ನು ಕಟ್ಟಿಸಿದೆ. ಒಂದು ಬದಿಯ ಭಾರ ಆ ನಡುವಿನ ಮಣ್ಣಿನ ಗೋಡೆಯ ಮೇಲೆ ಕೂರುತ್ತಿತ್ತು. “ಹಳೇ ಕಾಲದ ಗ್ವಾಡಿ ಐತ್ರಿ ಟೀಚರ, ಆನಿ ನಿಂತ್ರೂ ತಡೀತೈತಿ” ಎಂದ ಗೌಂಡಿ. ಭಾರ, ಒತ್ತಡ ಎಂದು ಹಲಗೆಯ ಮೇಲೆ ಚಿತ್ರ ಬಿಡಿಸಿ ಪಾಠ ಮಾಡುವ ಶಿಕ್ಷಕಿ ಆ ಆನೆಯನ್ನು ನಂಬಿದಳು. ದೀಪಾವಳಿಯ ಆಸುಪಾಸಿಗೆ ಖೋಲಿ ಮುಗಿಯಿತು. ಹಬ್ಬದ ಎಣ್ಣೆ ತಲೆಯಿಂದ ಇಳಿಯುವ ಮೊದಲೇ ಗೋಡೆ ಬಾಯಿ ಬಿಟ್ಟಿತು.

ಬಿರುಕನ್ನು ಕಂಡುಹಿಡಿದವಳು ದೊಡ್ಡವ್ವ. ಮೊದಲ ದಿನ ಅದರಲ್ಲಿ ಸೂಜಿ ಹೋಗುತ್ತಿತ್ತು. ಮುಂದಿನ ವಾರ ತಲೆಯ ಪಿನ್ನು ಹೋಯಿತು. ಅದರ ಮುಂದಿನ ವಾರ ಬೀಗದ ಕೈ. ಒಂದೊಂದನ್ನೂ ತುರುಕಿ, ತೆಗೆದು, ಓಣಿಯವರಿಗೆ ತೋರಿಸಿ ಬರುತ್ತಿದ್ದಳು.

“ಆಕೀ ಖೋಲಿ ಇಳಸ್ರಿ. ಇಲ್ಲಾಂದ್ರ ನಾ ಈ ಗ್ವಾಡಿ ಬುಡಕ ಮಲಗಾಕಿ ಅಲ್ಲ” ಎಂದಳು.

“ನನ್ನ ಮಗಳ ಖೋಲಿ ಏನ ಮಾಡೈತಿ? ವಯಸ್ಸಾದ ಮ್ಯಾಲೆ ಗ್ವಾಡಿನೂ ಹಂಗ, ಮಂದಿನೂ ಹಂಗ” ಎಂದಳು ನಮ್ಮವ್ವ.

ಅಲ್ಲಿಗೆ ಮುಗಿಯಿತು! ಗೋಡೆಯ ನಡುವಿನ ಕಿಂಡಿಯಲ್ಲಿ ದಿನಾ ಪಲ್ಯೆಯ ಬಟ್ಟಲು ಆಚೀಚೆ ಹೋಗುತ್ತಿತ್ತು, ಅದು ನಿಂತಿತು. ಯುಗಾದಿ ಮುಗಿದ ಮೇಲೆ ಓಣಿಯ ಹಿರಿಯರನ್ನು ಕೂಡಿಸಿ ತೀರ್ಮಾನ ಮಾಡುವುದೆಂದಾಯಿತು. ಗೋಡೆ ಸೀಳಿದ್ದು ಖೋಲಿ ಎಂದಾದರೆ ಖೋಲಿ ಇಳಿಯಬೇಕು. ಅಲ್ಲ ಎಂದಾದರೆ ದೊಡ್ಡವ್ವ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಕೆಲಸ ಎಂದು ದೊಡ್ಡವ್ವನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿ ದೊಡ್ಡಪ್ಪ ಮಗ್ಗದಿಂದ ತಲೆ ಎತ್ತಿ ಹೇಳಿದ: “ಅದು ಖೋಲಿ ಕೆಲಸ ಅಲ್ಲ. ಭೂಕಂಪ.”

“ಯಾವಾಗ ಆತಣ್ಣಾ?” ಎಂದ ಅಪ್ಪ.

“ಹಬ್ಬದ ಮುಂದ. ಮುಂಜಾನಿ ನೇಯ್ಕೋತ ಕುಂತಿದ್ದೆ, ಕಾಲಾಗ ಬಂತು.”

“ನಾನೂ ಮನ್ಯಾಗ ಇದ್ನೆಲ್ಲ” ಎಂದಳು ದೊಡ್ಡವ್ವ. “ಒಲಿ ಮ್ಯಾಲಿನ ಹಾಲ ಸೈತ ಅಳ್ಳಾಡಿಲ್ಲ.”

“ಹಾಲಿಗೆ ಕಾಲ ಎಲ್ಲೆ ಅದಾವ?”



ಮರುದಿನ ಸಂಜೆ ದೊಡ್ಡಪ್ಪ ಮೆಟ್ಟಿಲು ಹತ್ತಿ ನನ್ನ ಖೋಲಿಗೆ ಬಂದ. ಕುರ್ಚಿ ತೋರಿಸಿದೆ, ನೆಲದ ಮೇಲೆ ಕೂತ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ಐವತ್ತೈದು ವರ್ಷದ ಮೇಲೆ ಮತ್ತೆ ಪಾಠಕ್ಕೆ ಕೂತಿದ್ದ.

“ಟೀವ್ಯಾಗ ಭೂಕಂಪದ ಕೇಂದ್ರಬಿಂದು ಅಂತಾರಲ್ಲ ತಂಗಿ, ಅದನ್ನ ಹ್ಯಾಂಗ ಹುಡುಕ್ತಾರ?”

ನನಗೆ ಪಾಠ ಎಂದರೆ ಸಾಕು. ಭೂಮಿಯ ಒಳಗೆ ಆಳದಲ್ಲಿ ಬಂಡೆಗಳು ಒಂದನ್ನೊಂದು ಒತ್ತಿಕೊಂಡು ಕೂತಿರುತ್ತವೆ. ಒತ್ತಡ ತಾಳದೆ ಒಂದು ಕಡೆ ಜಾರುತ್ತವೆ. ಜಾರಿದ ಆ ಜಾಗ ನಾಭಿ. ಅಲ್ಲಿಂದ ನೇರ ಮೇಲಕ್ಕೆ ಬಂದರೆ ನೆಲದ ಮೇಲೆ ಯಾವ ಜಾಗ ಸಿಗುತ್ತದೋ ಅದು ಕೇಂದ್ರಬಿಂದು. ಅಲ್ಲಿಯ ಊರಿನ ಹೆಸರನ್ನೇ ಸುದ್ದಿಯಲ್ಲಿ ಹೇಳುವುದು.

“ಅಂದ್ರ ಮಾಡಿದಾಂವ ತೆಳಗ ಕುಂತಿರ್ತಾನ, ಹೆಸರ ಮಾತ್ರ ಮ್ಯಾಲಿನ ಊರಿಗೆ” ಎಂದ ದೊಡ್ಡಪ್ಪ.

“ಹಂಗಂತ ತಿಳ್ಕೊ.”

“ಪಾಪ ಊರು.”

ಹುಡುಕುವ ರೀತಿ ಹೇಳಿದೆ. ನಾಭಿಯಿಂದ ಎರಡು ಬಗೆಯ ಅಲೆ ಒಟ್ಟಿಗೇ ಹೊರಡುತ್ತವೆ. ಒಂದು ಜೋರು, ಒಂದು ನಿಧಾನ. ಗದಗಿನಿಂದ ಮುಂಡರಗಿಗೆ ಒಂದು ಬಸ್ಸು, ಒಂದು ಸೈಕಲ್ಲು ಒಮ್ಮೆಲೇ ಬಿಟ್ಟವು ಅನ್ನೋಣ. ಡಂಬಳದಲ್ಲಿ ನಿಂತವನಿಗೆ ಬಸ್ಸು ಹೋಗಿ ಸ್ವಲ್ಪ ಹೊತ್ತಿಗೆ ಸೈಕಲ್ಲು ಕಾಣುತ್ತದೆ. ಮುಂಡರಗಿಯಲ್ಲಿ ನಿಂತವನು ಬಹಳ ಹೊತ್ತು ಕಾಯಬೇಕು. ನೆಲದ ಕಂಪನ ಅಳೆಯುವ ಯಂತ್ರದವರೂ ಹೀಗೆಯೇ, ಮೊದಲ ಅಲೆಗೂ ಎರಡನೆಯದಕ್ಕೂ ನಡುವಿನ ಹೊತ್ತು ನೋಡಿ ದೂರ ಹೇಳುತ್ತಾರೆ. ಅಂತರ ಒಂದು ಸೆಕೆಂಡಾದರೆ ಸುಮಾರು ಎಂಟು ಕಿಲೋಮೀಟರು. ಆದರೆ ದೂರ ಗೊತ್ತಾದರೂ ದಿಕ್ಕು ಗೊತ್ತಾಗುವುದಿಲ್ಲ. ಅದಕ್ಕೇ ಮೂರು ಊರುಗಳಿಂದ ಮೂರು ವೃತ್ತ ಎಳೆಯಬೇಕು. ಮೂರೂ ಕೂಡುವಲ್ಲಿ ಕೇಂದ್ರಬಿಂದು.

“ಮುಂಡರಗಿ ಬಸ್ಸ ಹೊತ್ತಿಗೆ ಸರಿಯಾಗಿ ಬಿಡೂದಿಲ್ಲ” ಎಂದು ಮೊದಲು ತಕರಾರು ತೆಗೆದ. ಆಮೇಲೆ ಕೇಳಿದ: “ಅದನ್ನ ಹುಡಿಕಿ ಏನ ಮಾಡ್ತಾರ? ಆ ಊರವ್ರನ್ನ ಬೈತಾರೇನು?”

“ಯಾಕ ಬೈತಾರ? ಎಲ್ಲೆ ಮನಿ ಭಾಳ ಬಿದ್ದಿರಬೇಕು, ಮೊದಲ ಎಲ್ಲಿಗೆ ಓಡಬೇಕು ಅನ್ನೂದು ಗೊತ್ತಾಗ್ತೈತಿ. ಭೂಮ್ಯಾಗ ಬಿರುಕು ಎಲ್ಲೆ ಹಾದೈತಿ ಅಂತ ತಿಳೀತೈತಿ. ಮುಂದ ಅಲ್ಲೆ ಮನಿ ಕಟ್ಟವ್ರು ಗಟ್ಟಿ ಕಟ್ತಾರ.”

 ದೊಡ್ಡಪ್ಪ ಎದ್ದು ಹೋಗುವಾಗ ಅಂದ: “ಮೂರ ಊರು ಬೇಕಲ್ಲ. ನಮಗ ಬೀಗರು ಅದಾರ.”

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಭೂಕಂಪ ಆಗಿಲ್ಲ ಎಂದು ನನಗೆ ಗೊತ್ತಿತ್ತು. ಆಗಿದ್ದರೆ ಯಾವುದಾದರೂ ಯಂತ್ರದಲ್ಲಿ ಅದರ ಗುರುತು ಇರುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಭೂಕಂಪ ಬದುಕಿದರೆ ನನ್ನ ಖೋಲಿ ಬದುಕುತ್ತದೆ! ವಿಜ್ಞಾನದ ಶಿಕ್ಷಕಿಗೂ ಸ್ವಾರ್ಥ ಎಂಬುದೊಂದು ಇರುತ್ತದೆಯಲ್ಲ?

ಮೊದಲ ಫೋನು ಲಕ್ಷ್ಮೇಶ್ವರಕ್ಕೆ, ದೊಡ್ಡಪ್ಪನ ತಂಗಿಗೆ. ನಮ್ಮತ್ತೆ ಉತ್ಸಾಹದ ಹೆಂಗಸು. “ಹೌದಣ್ಣಾ, ನನಗೂ ಬಂದಿತ್ತು. ಪಿತ್ತ ಆಗಿ ತಲಿ ತಿರಗಾಕತ್ತೈತಿ ಅಂದ್ಕೊಂಡು ಲಿಂಬಿಹಣ್ಣಿನ ಪಾನಕ ಕುಡದೆ” ಎಂದಳು. ಮೊದಲ ಧಕ್ಕೆಗೂ ಎರಡನೆಯದಕ್ಕೂ ನಡುವೆ ಎಷ್ಟು ಹೊತ್ತು? “ತವಾದ ಮ್ಯಾಲೆ ರೊಟ್ಟಿ ಹಾಕಿ, ನೀರ ಸವರಿ, ತಿರುವಿ ಹಾಕೂವಷ್ಟು.”

ದೊಡ್ಡಪ್ಪ ಫೋನಿಟ್ಟವನೇ ದೊಡ್ಡವ್ವನನ್ನು ರೊಟ್ಟಿಗೆ ಕೂಡಿಸಿದ. ಗಡಿಯಾರ ಹಿಡಿದು ನಾನು ನಿಂತೆ. ಮೂವತ್ತೈದು ಸೆಕೆಂಡು. ಲೆಕ್ಕ ಹಾಕಿದರೆ ಭೂಕಂಪ ಲಕ್ಷ್ಮೇಶ್ವರದಿಂದ ಇನ್ನೂರ ಎಂಬತ್ತು ಕಿಲೋಮೀಟರು, ಹೆಚ್ಚುಕಡಿಮೆ ಸೊಲ್ಲಾಪುರದ ಹತ್ತಿರ!

“ನಿನ್ನ ರೊಟ್ಟಿ ದಪ್ಪ ಆತು” ಎಂದ ದೊಡ್ಡಪ್ಪ.

“ನಲವತ್ತ ವರ್ಷ ಉಂಡೀರಿ. ಇವತ್ತ ದಪ್ಪ ಆತೇನು?” ಎಂದಳು ದೊಡ್ಡವ್ವ. ಆ ರೊಟ್ಟಿಯನ್ನು ಅವನ ತಾಟಿಗೆ ಹಾಕದೆ ಬಾಗಿಲಲ್ಲಿ ನಿಂತಿದ್ದ ಆಕಳಿಗೆ ಹಾಕಿದಳು.

ಎರಡನೆಯದು ಮುಂಡರಗಿ, ದೊಡ್ಡಪ್ಪನ ಅತ್ತೆಮನೆ. ಆ ಮನೆಯವರು ಅಳಿಯನ ಮಾತಿಗೆ ಇಲ್ಲ ಅಂದದ್ದು ನಾನು ಕೇಳಿಲ್ಲ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪ ಸಾರಿಗೆ ಉಪ್ಪು ಕಡಿಮೆ ಎಂದನಂತೆ. ಇಂದಿಗೂ ಅವರ ಮನೆಯ ಸಾರು ಸಮುದ್ರ. ದೊಡ್ಡವ್ವನ ತಮ್ಮ ಫೋನೆತ್ತಿದ.

“ದೀಪಾವಳಿ ಮುಂದ ನಿಮ್ಮ ಕಡೆ ಭೂಮಿ ಅಳ್ಳಾಡ್ತಲ್ಲ?”

“ಅಳ್ಳಾಡಿರಬೇಕ್ರಿ ಮಾವಾರ. ನೀವು ಹೇಳಿದ ಮ್ಯಾಲೆ ಅಳ್ಳಾಡಲಾರದ ಇರ್ತೈತೇನು?”

“ಮೊದಲನೇದಕ್ಕೂ ಎರಡನೇದಕ್ಕೂ ನಡುವ ಎಷ್ಟ ಹೊತ್ತು?”

“ನೀವು ಎಷ್ಟ ಅಂತೀರಿ ಅಷ್ಟ್ರಿ.”

“ಹಂಗಲ್ಲಪಾ. ನಿನಗ ಎಷ್ಟ ಅನಸ್ತು?”

ಆಚೆಯಿಂದ ಒಳಗಿನವರನ್ನು ಕೇಳುವ ಸದ್ದು, ಹೆಂಗಸರ ಗುಸುಗುಸು. ಕೊನೆಗೆ ಬಂದ ಉತ್ತರ: “ಐದ ಎಣಿಸೂವಷ್ಟು. ಕಡಿಮಿ ಆತಂದ್ರ ಹತ್ತ ಮಾಡ್ಕೋರಿ.”

ಮೂರನೆಯವರು ಶಿರಹಟ್ಟಿಯ ಮೌಲಾಸಾಬರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು, ದೊಡ್ಡಪ್ಪನ ಬಾಲ್ಯದ ಗೆಳೆಯರು. ಅವರಿಗೆ ಅಳಿಯನೂ ಇಲ್ಲ, ಮುಲಾಜೂ ಇಲ್ಲ.

“ಮೌಲಾ, ನಿನ್ನ ಅಂಗಡ್ಯಾಗ ಭಾಂಡೆ ಅಳ್ಳಾಡಿದ್ವೇನು?”

“ದಿನಾ ಅಳ್ಳಾಡ್ತಾವ ಮಾರಾಯಾ. ಮುಂದ ಬಸ್ಸ ಹೋಗ್ತಾವಲ್ಲ.”

“ಬಸ್ಸಲ್ಲಲೇ. ಭೂಮಿ.”

“ಬಸ್ಸ ಯಾವ್ದು ಭೂಮಿ ಯಾವ್ದು ಅಂತ ಭಾಂಡೆಕ್ಕ ಏನ ತಿಳೀತೈತಿ?”

ಹಾಗೆಂದರೂ ಗೆಳೆಯನಿಗಾಗಿ ಚರಗಿಯ ಮೇಲೆ ಚರಗಿ ಹೇರಿಟ್ಟು ಎರಡು ದಿನ ಕಾದರಂತೆ. ಮೂರನೆಯ ದಿನ ಖಬರು ಬಂತು: “ಹನ್ನೊಂದ ಸಲ ಸಪ್ಪಳಾತು. ಹತ್ತು ಬಸ್ಸು. ಒಂದ ಬೆಕ್ಕು.”

“ಬೆಕ್ಕ ಯಾವ ದಿಕ್ಕಿಂದ ಬಂತು?” ಎಂದು ದೊಡ್ಡಪ್ಪ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಪ್ರಾಣಿಗಳಿಗೆ ಮೊದಲೇ ತಿಳಿಯುತ್ತದಂತೆ!

ಶಾಲೆಯಲ್ಲಿ ಹರಿದು ಮೂಲೆಗೆ ಬಿದ್ದಿದ್ದ ಜಿಲ್ಲೆಯ ನಕಾಶೆಯನ್ನು ಕೇಳಿ ತಂದುಕೊಟ್ಟೆ. ದೊಡ್ಡಪ್ಪ ಅದನ್ನು ಎಲ್ಲಿ ಹೊಡೆದ ಅಂತೀರಿ? ಅದೇ ಗೋಡೆಗೆ, ಬಿರುಕಿನ ಪಕ್ಕಕ್ಕೆ. ನಾಲ್ಕು ಮೂಲೆಗೆ ನಾಲ್ಕು ಮೊಳೆ, ಮೂರು ಊರಿಗೆ ಮೂರು ಮೊಳೆ. ಏಳನೆಯ ಮೊಳೆಗೆ ಬಿರುಕು ಇನ್ನೊಂದು ಗೇಣು ಮೇಲಕ್ಕೆ ಹೋಯಿತು. ಮೊಳೆಗಳಿಗೆ ಸೀರೆಯ ನೂಲು ಕಟ್ಟಿ ಸುತ್ತ ತಿರುಗಿಸಿದ. ಲಕ್ಷ್ಮೇಶ್ವರದ ನೂಲು ನಕಾಶೆ ದಾಟಿ, ಬಾಗಿಲು ದಾಟಿ, ಅಂಗಳಕ್ಕೆ ಹೋಯಿತು. ಮುಂಡರಗಿಯದು ಗದಗನ್ನೇ ಸವರಿಕೊಂಡು ಬಂತು. ಮೌಲಾಸಾಬರು ಅಂತರವನ್ನೇ ಹೇಳಿರಲಿಲ್ಲವಾದ್ದರಿಂದ ಶಿರಹಟ್ಟಿಯ ನೂಲಿಗೆ ಉದ್ದವೇ ಇಲ್ಲ.

“ಈ ಲೆಕ್ಕದಾಗ ಕೇಂದ್ರಬಿಂದು ಮೌಲಾ ಕಾಕಾನ ಅಂಗಡಿ ಬುಡಕ ಐತಿ” ಎಂದು ನಕ್ಕೆ.

ದೊಡ್ಡಪ್ಪ ನಗಲಿಲ್ಲ. “ಬ್ಯಾಡ. ದುಡಕೊಂಡು ತಿನ್ನಾಂವ. ಅವನ ಮ್ಯಾಲೆ ಯಾಕ ಹಾಕೂದು?” ಎಂದು ನೂಲು ಬಿಚ್ಚಿದ. ಆಮೇಲೆ ಒಂದನ್ನು ಗಿಡ್ಡ ಮಾಡಿ, ಇನ್ನೊಂದಕ್ಕೆ ಗಂಟು ಹಾಕಿ, ಮೂರನ್ನೂ ಸೊರಟೂರಿನ ಹತ್ತಿರ ಒಂದು ಕಡೆ ಕೂಡಿಸಿದ. ನೂಲು ಮುಟ್ಟದಿದ್ದರೆ ಮುಟ್ಟಿಸುವುದು ನೇಕಾರನ ಕಸುಬು. “ಇಲ್ಲೆ ಬರೇ ಹೊಲ ಅದಾವ. ಯಾರ ಮನಿನೂ ಇಲ್ಲ” ಎಂದ, ಸಮಾಧಾನದಿಂದ.

ಒಂದು ರವಿವಾರ ಬಸ್ಸು ಹತ್ತಿಸಿಕೊಂಡು ನನ್ನನ್ನು ಸೊರಟೂರಿಗೆ ಕರೆದೊಯ್ದ. ಇಳಿದವನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಎರೆಹೊಲದಲ್ಲಿ ಹೆಜ್ಜೆಗೊಮ್ಮೆ ನಿಂತು ನಿಂತು ನಡೆದ. ಹಿಂದೆ ಛತ್ರಿ ಹಿಡಿದು ನಾನು, ಬಿ.ಎಸ್ಸಿ., ಬಿ.ಇಡಿ. ಕಡಲೆ ಕೀಳುತ್ತಿದ್ದ ಮುದುಕಿಯೊಬ್ಬಳು ನಡು ನೆಟ್ಟಗೆ ಮಾಡಿ ನೋಡಿದಳು.

“ಏನ ಕಳಕೊಂಡೀರಿ ಯಜಮಾನ್ರ?”

“ಭೂಕಂಪ” ಎಂದ ದೊಡ್ಡಪ್ಪ.

ಅವಳು ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಈ ಕಡೆ ಬಂದಿಲ್ರಿ. ಬಂದ್ರ ಕಟ್ಟಿ ಹಾಕಿರ್ತೀನಿ, ಬಂದು ಒಯ್ರಿ” ಎಂದು ನನ್ನ ಕೈಗೆ ಒಂದು ಹಿಡಿ ಕಡಲೆಗಿಡ ಕೊಟ್ಟಳು. ದಾರಿಯುದ್ದಕ್ಕೂ ಸುಲಿದು ತಿಂದೆವು. ಭೂಕಂಪದ ಕೇಂದ್ರಬಿಂದುವಿನಿಂದ ನಮಗೆ ದಕ್ಕಿದ್ದು ಅಷ್ಟೇ.

ಯುಗಾದಿ ಬಂತು, ಹೋಯಿತು. ಹಿರಿಯರು ಮೂವರು ಬಂದು ದೊಡ್ಡಪ್ಪನ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತರು. ಗೌಂಡಿಯನ್ನೂ ಕರೆಸಿದ್ದರು. ಅವನು ಆನೆಯ ಮಾತು ಎತ್ತಲಿಲ್ಲ. ದೊಡ್ಡಪ್ಪ ತೊಳೆದ ಅಂಗಿ ಹಾಕಿಕೊಂಡು, ನಕಾಶೆಯ ಮುಂದೆ ನಿಂತು, ನಾನು ಕಲಿಸಿದ್ದನ್ನೆಲ್ಲ ಹೇಳಿದ. ನಾಭಿ ಹೇಳಿದ, ಕೇಂದ್ರಬಿಂದು ಹೇಳಿದ, ಬಸ್ಸು ಸೈಕಲ್ಲು ಹೇಳಿದ. ನಮ್ಮ ಶಾಲೆಯ ಯಾವ ಹುಡುಗನೂ ನನ್ನ ಪಾಠವನ್ನು ಅಷ್ಟು ಚಂದ ಒಪ್ಪಿಸಿಲ್ಲ.

ಹಿರಿಯರು ಕೇಳಿದರು, “ಭೂಕಂಪ ಆಗಿದ್ರ ಓಣ್ಯಾಗ ನಮ್ಮ ಗ್ವಾಡಿಗೋಳು ಯಾಕ ಸೀಳಿಲ್ಲೋ?”

“ನಿಮ್ಮವು ಗಟ್ಟಿ ಅದಾವ್ರಿ.”

ಅವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. “ನೀ ಸಾಲಿ ಕಲಸಾಕಿ. ನೀ ಹೇಳಿದ್ದನ್ನ ನಾವು ನಂಬತೀವಿ. ಭೂಕಂಪ ಆಗಿತ್ತೇನವಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವ್ವ ಕಣ್ಣಲ್ಲೇ ಹೂಂ ಅನ್ನು ಎನ್ನುತ್ತಿದ್ದಳು. ಹೂಂ ಎಂದರೆ ಖೋಲಿ ಉಳಿಯುತ್ತಿತ್ತು. ಅಷ್ಟು ಕಷ್ಟಪಟ್ಟು ಗಳಿಸಿದ ಡಿಗ್ರಿ ಆ ಒಂದು ಸುಳ್ಳಿಗೆ ಸಾಕ್ಷಿ ಹೇಳಬೇಕಿತ್ತು.

“ಇಲ್ರಿ” ಎಂದೆ. “ಭೂಕಂಪ ಆಗಿಲ್ಲ. ಗ್ವಾಡಿ ಸೀಳಿದ್ದು ನನ್ನ ಖೋಲಿ ಭಾರಕ್ಕ. ಕಟ್ಟೂವಾಗ ನಾ ವಿಚಾರ ಮಾಡಬೇಕಾಗಿತ್ತು. ದೊಡ್ಡವ್ವ ಅಂದಿದ್ದು ಖರೆ ಐತಿ.”

 ದೊಡ್ಡಪ್ಪ ನಕಾಶೆಯ ಮೊಳೆಗಳಿಂದ ನೂಲು ಬಿಚ್ಚಿ ಬೆರಳಿಗೆ ಸುತ್ತತೊಡಗಿದ. ನಾನು ಅವನ ಮುಖ ನೋಡದೆ ಗೋಡೆ ನೋಡಿದೆ.

ಮೊದಲು ಮಾತಾಡಿದವಳು ದೊಡ್ಡವ್ವ. “ಇಷ್ಟ ಬೇಕಾಗಿತ್ತು ನನಗ. ಖೋಲಿ ಹೊತ್ಕೊಂಡು ನಾ ಏನ ಮಾಡ್ಲಿ? ಗ್ವಾಡಿ ಬೀಳೂವಂಥಾದ್ದು ಐತಿ ಅಂದ್ರ ಹೌದನ್ನವ್ರು ಒಬ್ಬರೂ ಇದ್ದಿಲ್ಲ ಈ ಮನ್ಯಾಗ.” ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಹಿರಿಯರು ಗೌಂಡಿಯನ್ನು ಕೇಳಿದರು. ಖೋಲಿ ಉಳಿಸುವ ದಾರಿ ಒಂದಿತ್ತು: ತಳದಿಂದ ಕಾಂಕ್ರೀಟಿನ ಕಂಬ ಎಬ್ಬಿಸಿ ಭಾರವನ್ನು ಗೋಡೆಯಿಂದ ಬಿಡಿಸುವುದು. ಆದರೆ ಕಂಬ ನಿಲ್ಲಬೇಕಾದದ್ದು ಗೋಡೆಯ ಆಚೆ ಬದಿಗೆ, ಸರಿಯಾಗಿ ದೊಡ್ಡಪ್ಪನ ಮಗ್ಗದ ಕುಣಿಯಲ್ಲಿ. ಅಜ್ಜ ತೋಡಿದ ಕುಣಿ. ನೇಕಾರನಿಗೆ ಕುಣಿ ಮುಚ್ಚು ಎನ್ನಲು ಹಿರಿಯರಿಗೂ ಬಾಯಿ ಬರಲಿಲ್ಲ. “ಹಂಗಾದ್ರ ಖೋಲಿ ಇಳಸೂದ” ಎಂದರು.

“ಮಗ್ಗ ಸರಸ್ತೀನಿ” ಎಂದ ದೊಡ್ಡಪ್ಪ, ನೂಲು ಸುತ್ತುತ್ತಲೇ.

ಸರಿಸಿದ. ಮಗ್ಗದ ಮೇಲಿದ್ದ ಸೀರೆ ಮುಗಿಸಿ ಕೆಳಗಿಳಿಸಿದ ಮಾರನೆಯ ದಿನ ಹಳೆಯ ಕುಣಿಯಲ್ಲಿ ಕಂಬದ ಅಡಿಪಾಯ ಬಿತ್ತು. ದೊಡ್ಡವ್ವ ಜೋಳದ ಚೀಲಗಳನ್ನು ಎತ್ತಿ ಅಡುಗೆಮನೆಗೆ ಸಾಗಿಸಿ, ಆ ಜಾಗವನ್ನು ಹೊಸ ಕುಣಿಗೆ ಬಿಟ್ಟುಕೊಟ್ಟಳು. ಅಪ್ಪ ಅಗೆದ, ನಾನು ಮಣ್ಣು ಹೊತ್ತೆ. ಅಜ್ಜನ ಕುಣಿಯ ತಳ ಕನ್ನಡಿಯ ಹಾಗೆ ನುಣುಪಾಗಿತ್ತು. ಹೊಸದು ಒರಟು. ಮೊದಲ ವಾರ ದೊಡ್ಡಪ್ಪನ ಪಾದಗಳೆಲ್ಲ ತರಚಿಹೋದವು. ಆ ಗಾಯಗಳನ್ನು ನೋಡಿದ ದಿನ ತಡೆಯಲಾಗದೆ ಕುಣಿಯ ಅಂಚಿಗೆ ಕೂತು ಕೇಳಿದೆ.

“ಭೂಕಂಪ ಅಲ್ಲ ಅಂತ ನಿನಗ ಮೊದಲ ಗೊತ್ತಿತ್ತಲ್ಲ?”

“ಕಾಲಿಗೆ ಗೊತ್ತಿತ್ತು.”

“ಮತ್ತ ಅಷ್ಟೆಲ್ಲಾ ಯಾಕ ಮಾಡಿದಿ ದೊಡ್ಡಪ್ಪಾ?”

ಲಾಳಿ ನಿಲ್ಲಿಸಿದ. ತುಂಡಾದ ಒಂದು ಎಳೆಯನ್ನು ಹುಡುಕಿ, ಹೊಸೆದು, ಜೋಡಿಸಿ, ಆಮೇಲೆ ಅಂದ:

“ಖೋಲಿ ಕಟ್ಟಿಸಿದಾಗ ನೀ ಮ್ಯಾಲೆ ಪೂರಾ ಪಾದ ಊರಿ ನಡೀತಿದ್ದಿ. ಗ್ವಾಡಿ ಸೀಳಿತು, ಮನ್ಯಾಗ ಮಾತ ಬಂತು. ಆ ಮ್ಯಾಲಿಂದ ನೀ ನಿನ್ನ ಖೋಲ್ಯಾಗ ಬೆರಳ ಮ್ಯಾಲೆ ನಡ್ಯಾಕತ್ತಿ, ತಂಗಿ. ಕಳ್ಳರಂಗ. ಹಳೇ ಕುಣ್ಯಾಗ ಕುಂತ್ರ ಗ್ವಾಡಿ ಹಿಡದು ನನ್ನ ಕಾಲಿಗೆ ತಿಳೀತಿತ್ತು. ಅದನ್ನ ತಡ್ಕೊಳ್ಳಾಕ ಆಗಲಿಲ್ಲ.”

ನಾನು ಹಾಗೆ ನಡೆಯುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

“ಈಗ ಕಂಬ ಐತಿ. ಹೋಗು, ನಡಿ” ಎಂದ.

ಮೆಟ್ಟಿಲು ಹತ್ತಿ ಹೋದೆ. ಬಾಗಿಲಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಮೇಜಿನವರೆಗೆ, ಹಿಮ್ಮಡಿ ಊರಿ ಧಡಧಡನೆ ನಡೆದೆ. ಕಣ್ಣು ಮಂಜಾಗಿ ಮೇಜಿನ ಕಾಲು ಎಡವಿದೆ. ಕೆಳಗಿನಿಂದ ದೊಡ್ಡವ್ವನ ದನಿ ಬಂತು: “ಏನ್ರಿ ಅದು ಸಪ್ಪಳಾ? ಹಗರಕ ನಡಿ ಅನ್ರಿ ಆಕೀಗೆ.”

“ನಡೀಲಿ ಬಿಡ” ಎಂದ ದೊಡ್ಡಪ್ಪ. ಆಮೇಲೆ ಮಗ್ಗ ಶುರುವಾಯಿತು.